ಬಗ್ಗಿದರೆ ದಮ್ಮು, ನೀರಿಗಿಳಿದರೆ ಉಸಿರಿಲ್ಲ: ಅಬ್ಲೇಶನ್ ಆದ ಮೇಲೆ ಇದು ಗ್ಯಾಸಾ, ನರಕ್ಕೆ ಆದ ಪೆಟ್ಟಾ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನಗೆ 57 ವರ್ಷ. ಕಲಬುರಗಿಯಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ಶುಗರ್, ಬಿಪಿ ಎರಡೂ ಇವೆ. ಎರಡು ವರ್ಷದಿಂದ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಳ್ಳುತ್ತಿತ್ತು, ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಅಂದರು. ಆರು ವಾರದ ಹಿಂದೆ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಬಲೂನ್ ಹಾಕಿ ತಂಪು ಕೊಟ್ಟು, ಅದನ್ನು ನಿಲ್ಲಿಸುವ ಅಬ್ಲೇಶನ್ ಚಿಕಿತ್ಸೆ ಮಾಡಿದರು. ಡವಡವ ನಿಂತಿದೆ. ಆದರೆ ಅವತ್ತಿನಿಂದ ಬಗ್ಗಿ ರೊಟ್ಟಿ ಬಡಿಯಲು ಕೂತರೆ ದಮ್ಮು ಹತ್ತುತ್ತದೆ, ಅಂಗಾತ ಮಲಗಿದರೂ ಹಾಗೇ. ಹೋದ ವಾರ ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋಗಿದ್ದೆವು. ಅಲ್ಲಿನ ಗುಹೆಯಲ್ಲಿ ನೀರು ಎದೆಮಟ್ಟಕ್ಕೆ ಬರುತ್ತಲೇ ಉಸಿರು ಸಿಗದೆ ಒದ್ದಾಡಿದೆ, ಮಗ ಹಿಡಿದು ಹೊರಗೆ ತಂದ. ಅರ್ಧ ರೊಟ್ಟಿ ತಿಂದರೆ ಸಾಕು, ಹೊಟ್ಟೆ ಉಬ್ಬುತ್ತದೆ. ಇಲ್ಲಿ ತೋರಿಸಿದರೆ ಗ್ಯಾಸ್ ಅಂದರು. ಮುಂದಿನ ವಾರ ಎಂಡೋಸ್ಕೋಪಿ ಮಾಡೋಣ, ಅದಕ್ಕೆ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ ಅಂದಿದ್ದಾರೆ. ಎಕ್ಸ್‌ರೇ ರಿಪೋರ್ಟಿನಲ್ಲಿ ಬಲಗಡೆ ಡಯಾಫ್ರಮ್ ಮೇಲಕ್ಕೆ ಇದೆ ಅಂತ ಬರೆದಿದೆ. ಇದು ಡಾಕ್ಟರ್ ಮಾಡಿದ ತಪ್ಪಾ? ಸರಿ ಹೋಗುತ್ತದಾ? ನನ್ನ ತಮ್ಮನಿಗೂ ಇದೇ ಕಾಯಿಲೆ ಇದೆ, ಅವನಿಗೆ ಅಬ್ಲೇಶನ್ ಬೇಡ ಅಂತ ಹೇಳಿಬಿಡಲಾ?

ಉತ್ತರ: ಅಕ್ಕಾರೆ, ಬೇರೆಲ್ಲ ಆಮೇಲೆ. ಮೊದಲು ಆ ಎಂಡೋಸ್ಕೋಪಿಯನ್ನು ಮುಂದಕ್ಕೆ ಹಾಕಿ. ರಕ್ತ ತೆಳು ಮಾಡುವ ಮಾತ್ರೆಯನ್ನು ನಿಲ್ಲಿಸಬೇಡಿ, ಆಗಲೇ ನಿಲ್ಲಿಸಿದ್ದರೆ ಇವತ್ತೇ ಹೈದರಾಬಾದಿನ ಆಸ್ಪತ್ರೆಗೆ ಫೋನ್ ಮಾಡಿ ಅದನ್ನು ಹೇಳಿ.

ಯಾಕಿಷ್ಟು ಅವಸರ ಅಂದರೆ, ಅಬ್ಲೇಶನ್ ಮಾಡುವುದು ಹೃದಯದ ಎಡಗಡೆಯ ಮೇಲಿನ ಕೋಣೆಯಲ್ಲಿ. ಆ ಕೋಣೆಯ ಹಿಂದಿನ ಗೋಡೆಗೆ ಅಂಟಿದಂತೆಯೇ ಅನ್ನನಾಳ ಇರುತ್ತದೆ, ನಡುವೆ ಕೆಲವೇ ಮಿಲಿಮೀಟರ್ ಜಾಗ. ತೀರಾ ಅಪರೂಪಕ್ಕೆ ಅಲ್ಲಿ ಹುಣ್ಣಾಗಿ, ವಾರಗಳು ಕಳೆದ ಮೇಲೆ ಅನ್ನನಾಳದಿಂದ ಹೃದಯಕ್ಕೆ ತೂತು ಬೀಳಬಹುದು. ಸಾವಿರಕ್ಕೆ ಒಬ್ಬರಿಗೂ ಆಗುವುದಿಲ್ಲ, ತಂಪಿನ ಬಲೂನಿನಲ್ಲಿ ಇನ್ನೂ ಕಡಿಮೆ. ಆದರೆ ಆಯಿತು ಅಂದರೆ ಜೀವಕ್ಕೇ ಬರುತ್ತದೆ. ಎಂಡೋಸ್ಕೋಪಿ ಮಾಡುವಾಗ ಒಳಗೆ ಗಾಳಿ ಊದುತ್ತಾರೆ, ಅಲ್ವಾ? ತೂತು ಇದ್ದರೆ ಆ ಗಾಳಿ ಹೃದಯಕ್ಕೆ ಹೋಗಿ, ಅಲ್ಲಿಂದ ಮಿದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ. ಅದಕ್ಕೇ ಅಬ್ಲೇಶನ್ ಆದ ಮೊದಲ ಎರಡು ತಿಂಗಳಲ್ಲಿ, ಮಾಡಿದ ಡಾಕ್ಟರನ್ನು ಕೇಳದೆ ಬಾಯಿಂದ ಯಾವ ಪೈಪೂ ಹಾಕಿಸಬಾರದು. ಅನುಮಾನ ಇದ್ದರೆ ಎದೆಯ ಸಿಟಿ ಸ್ಕ್ಯಾನ್ ಮಾಡಿಸಬೇಕು.

ನೀವು ಜ್ವರ, ಚಳಿ, ನುಂಗುವಾಗ ನೋವು, ಎದೆನೋವು, ರಕ್ತ ವಾಂತಿ, ಕೈಕಾಲು ಸೋಲುವುದು, ಮಾತು ತೊದಲುವುದು ಇವು ಯಾವುದನ್ನೂ ಬರೆದಿಲ್ಲ. ಅದರಿಂದ ನನಗೆ ಸಮಾಧಾನ ಇದೆ. ಆದರೆ ಇವುಗಳಲ್ಲಿ ಒಂದು ಕಾಣಿಸಿದರೂ ಬೆಳಗಾಗಲಿ ಅಂತ ಕಾಯಬೇಡಿ. ಕಲಬುರಗಿಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ, ನನಗೆ ಇಷ್ಟು ವಾರದ ಹಿಂದೆ ಹೃದಯದ ಅಬ್ಲೇಶನ್ ಆಗಿದೆ ಅನ್ನೋದನ್ನು ಬಾಗಿಲಲ್ಲೇ ಹೇಳಿ. ನಿಮಗೆ ಗ್ಯಾಸ್ ಅಂದ ಡಾಕ್ಟರನ್ನೂ ನಾನು ದೂರುವುದಿಲ್ಲ. ಅಬ್ಲೇಶನ್ ಮಾಡುವ ಊರು ಒಂದು, ಆಮೇಲೆ ನೋಡಿಕೊಳ್ಳುವ ಊರು ಇನ್ನೊಂದು, ನಡುವೆ ಇನ್ನೂರು ಕಿಲೋಮೀಟರ್ ದಾರಿ. ಡಿಸ್ಚಾರ್ಜ್ ಕಾಗದದಲ್ಲಿ ಇದನ್ನೆಲ್ಲ ಬರೆಯದೇ ಇದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಇನ್ನು ದಮ್ಮಿನ ಮಾತು. ಬಗ್ಗಿದಾಗ, ಮಲಗಿದಾಗ, ಎದೆಮಟ್ಟ ನೀರಿಗೆ ಇಳಿದಾಗ. ಈ ಮೂರನ್ನೂ ನೀವು ಒಟ್ಟಿಗೆ ಬರೆದದ್ದು ಓದಿ, ಎಕ್ಸ್‌ರೇ ರಿಪೋರ್ಟಿನ ಸಾಲಿಗೆ ಬರುವ ಮೊದಲೇ ನನಗೆ ಅನುಮಾನ ಬಂದಿತ್ತು. ಇದು ಗ್ಯಾಸಿನ ಲಕ್ಷಣದಂತೆ ಇಲ್ಲ. ನಿಮ್ಮ ಬಲಗಡೆಯ ಫ್ರೆನಿಕ್ ನರಕ್ಕೆ ತಂಪಿನ ಪೆಟ್ಟು ಬಿದ್ದಿದೆ ಅಂತ ನನಗೆ ಅನ್ನಿಸುತ್ತದೆ.

ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಆಕಾರದ ಒಂದು ಸ್ನಾಯು ಇದೆ. ಅದೇ ಡಯಾಫ್ರಮ್, ಶಾಲೆಯ ಪುಸ್ತಕದಲ್ಲಿ ಮಕ್ಕಳು ವಪೆ ಅಂತ ಓದುತ್ತಾರೆ. ಅದು ಕೆಳಗೆ ಇಳಿದಾಗ ಶ್ವಾಸಕೋಶ ಹಿಗ್ಗಿ ಗಾಳಿ ಒಳಗೆ ಬರುತ್ತದೆ. ಸುಮ್ನೆ ಕೂತಾಗ ಉಸಿರು ಎಳೆಯುವ ಕೆಲಸದಲ್ಲಿ ಜಾಸ್ತಿ ಪಾಲು ಅದರದ್ದೇ. ಅದನ್ನು ಆಡಿಸುವುದು ಫ್ರೆನಿಕ್ ನರ, ಎಡಕ್ಕೊಂದು ಬಲಕ್ಕೊಂದು. ಎರಡೂ ಕುತ್ತಿಗೆಯಲ್ಲಿ ಹುಟ್ಟಿ ಹೃದಯದ ಪಕ್ಕದಲ್ಲಿ ಹಾದು ಕೆಳಗೆ ಇಳಿಯುತ್ತವೆ. ಬಲಗಡೆಯದು, ತಲೆ ಮತ್ತು ಕೈಗಳಿಂದ ರಕ್ತ ತರುವ ದೊಡ್ಡ ರಕ್ತನಾಳಕ್ಕೆ ಒರಗಿಕೊಂಡು ಬಂದು, ಬಲ ಶ್ವಾಸಕೋಶದಿಂದ ಹೃದಯಕ್ಕೆ ಬರುವ ಮೇಲಿನ ರಕ್ತನಾಳದ ಹತ್ತಿರವೇ ಹೋಗುತ್ತದೆ. ತೊಂದರೆ ಇರುವುದೇ ಇಲ್ಲಿ. 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಐಸಾಗೇರ್ ಮತ್ತು ಅವರ ಜೊತೆಯವರು, ಈ ಡವಡವ ಶುರು ಮಾಡುವ ಕಿಡಿಗಳು ಹೆಚ್ಚಾಗಿ ಶ್ವಾಸಕೋಶದ ಇದೇ ರಕ್ತನಾಳಗಳ ಬಾಯಿಯಿಂದ ಬರುತ್ತವೆ ಅಂತ ತೋರಿಸಿದರು. ಅಂದಿನಿಂದ ಅಬ್ಲೇಶನ್ ಅಂದರೆ ಮುಖ್ಯವಾಗಿ ಆ ಬಾಯಿಗಳ ಸುತ್ತ ಬೇಲಿ ಹಾಕುವ ಕೆಲಸ. ನಿಮಗೆ ಆ ಬೇಲಿಯನ್ನು ತಂಪಿನಿಂದ ಹಾಕಿದ್ದಾರೆ. ತೊಡೆಯ ಸಂದಿಯ ರಕ್ತನಾಳದಿಂದ ಬಲೂನ್ ಏರಿಸಿ, ರಕ್ತನಾಳದ ಬಾಯಿಗೆ ಒತ್ತಿ ಹಿಡಿದು, ನೈಟ್ರಸ್ ಆಕ್ಸೈಡ್‌ನಿಂದ ಅದನ್ನು ಸೊನ್ನೆಗಿಂತ 40, 50 ಡಿಗ್ರಿ ಕೆಳಗೆ ಇಳಿಸುತ್ತಾರೆ. ಒಂದೊಂದು ಸಲಕ್ಕೆ ಮೂರು, ನಾಲ್ಕು ನಿಮಿಷ. ಆ ತಂಪು ರಕ್ತನಾಳದ ಗೋಡೆ ದಾಟಿ ಪಕ್ಕದ ನರಕ್ಕೆ ತಾಗಿದರೆ ನರ ಜೋಮು ಹಿಡಿಯುತ್ತದೆ. ಐಸ್ ಗಡ್ಡೆಯನ್ನು ತುಂಬಾ ಹೊತ್ತು ಹಿಡಿದರೆ ಬೆರಳು ಜೋಮು ಹಿಡಿಯುತ್ತದಲ್ಲ, ಹಾಗೆ.

ಬಲಗಡೆ ಡಯಾಫ್ರಮ್ ಸೋತಿರುವಾಗ ಕೂತಾಗ, ನಿಂತಾಗ ಅಷ್ಟು ಗೊತ್ತಾಗುವುದಿಲ್ಲ. ಹೊಟ್ಟೆಯ ಅಂಗಗಳು ತಮ್ಮ ಭಾರಕ್ಕೆ ಕೆಳಗೆ ಜೋತು ಬಿದ್ದಿರುತ್ತವೆ, ಎಡಗಡೆಯದು ಹೇಗೋ ನಿಭಾಯಿಸುತ್ತದೆ. ಮಲಗಿದರೆ ಅವೆಲ್ಲ ಎದೆಯ ಕಡೆ ಸರಿಯುತ್ತವೆ. ನೆಲದ ಮೇಲೆ ಕೂತು ಮುಂದಕ್ಕೆ ಬಗ್ಗಿ ಹಿಟ್ಟು ತಟ್ಟುವಾಗಲಂತೂ ಹೊಟ್ಟೆಯೇ ಮಡಚಿಕೊಂಡು ಮೇಲೆ ಒತ್ತುತ್ತದೆ. ಇನ್ನು ಝರಣಿ. ಆ ಗುಹೆಯಲ್ಲಿ ಸುಮಾರು 300 ಮೀಟರ್ ನೀರಲ್ಲೇ ನಡೆಯಬೇಕು, ನೀರು ನಾಲ್ಕೈದು ಅಡಿ. ನೀರು ಸುತ್ತಲಿಂದ ಹೊಟ್ಟೆಯನ್ನೂ ಎದೆಯನ್ನೂ ಅದುಮುತ್ತದೆ, ಕಾಲಿನ ರಕ್ತವೂ ಎದೆಗೆ ಏರುತ್ತದೆ. ಎರಡೂ ಕಡೆ ಸರಿ ಇರುವವರಿಗೆ ಅದು ಲೆಕ್ಕಕ್ಕಿಲ್ಲ. ಸೋತ ಡಯಾಫ್ರಮ್‌ಗೆ ಅದನ್ನು ತಡೆಯಲು ಆಗುವುದಿಲ್ಲ. ನಿಮ್ಮ ಮಗ ಕೂಡಲೇ ಹೊರಗೆ ತಂದದ್ದು ಒಳ್ಳೆಯದಾಯಿತು. ಒಳಗೆ ಗಾಳಿಯೂ ಕಡಿಮೆ, ಜನವೂ ಜಾಸ್ತಿ, ನಡುವೆ ಸಿಕ್ಕಿಬಿದ್ದಿದ್ದರೆ ಕಷ್ಟವಿತ್ತು.

ತಪ್ಪು ಯಾರದು ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸ ಮಾಡುವವನು, ನನ್ನ ಕೈಯಲ್ಲೂ ಇದು ಆಗಿದೆ. ಬಲಗಡೆಯ ರಕ್ತನಾಳಗಳಿಗೆ ತಂಪು ಕೊಡುವಾಗ ನಾವು ಇನ್ನೊಂದು ಸಣ್ಣ ತಂತಿಯಿಂದ ಫ್ರೆನಿಕ್ ನರಕ್ಕೆ ಮೇಲಿನಿಂದ ಕರೆಂಟ್ ಕೊಡುತ್ತಿರುತ್ತೇವೆ, ನಿಮಿಷಕ್ಕೆ 40ರಿಂದ 60 ಸಲ. ಪ್ರತಿ ಸಲಕ್ಕೂ ಡಯಾಫ್ರಮ್ ಬಿಕ್ಕಳಿಕೆಯಂತೆ ಜಿಗಿಯುತ್ತದೆ. ರೋಗಿಯ ಹೊಟ್ಟೆಯ ಮೇಲೆ, ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ಆ ಜಿಗಿತವನ್ನು ಎಣಿಸುತ್ತಾ ನಿಲ್ಲುತ್ತೇವೆ. ಜಿಗಿತ ಮೆತ್ತಗಾಯಿತು ಅನ್ನಿಸಿದ ಕ್ಷಣ ತಂಪು ನಿಲ್ಲಿಸಿ ಬಲೂನ್ ಇಳಿಸಬೇಕು. ಕೆಲವು ಕಡೆ ಅಂಗೈಯ ಜೊತೆಗೆ ಡಯಾಫ್ರಮ್‌ನ ಕರೆಂಟನ್ನೂ ಅಳೆಯುತ್ತಾರೆ, ಅದು 30 ಪರ್ಸೆಂಟ್ ಇಳಿದರೆ ನಿಲ್ಲಿಸುತ್ತಾರೆ. ಸೇಡಂ ಕಡೆಯ ಒಬ್ಬ ರೈತರಿಗೆ ಮಾಡುವಾಗ ನನ್ನ ಅಂಗೈ ಕೆಳಗೆ ಜಿಗಿತ ಇತ್ತು, ಇತ್ತು, ಮತ್ತೆ ಇಲ್ಲವಾಯಿತು. ಆ ಕ್ಷಣವೇ ನಿಲ್ಲಿಸಿದೆ. ಆದರೂ ನರ ಮಲಗಿತು. ಸಂಜೆ ಅವರ ಮಂಚದ ಹತ್ತಿರ ಕೂತು ಆದದ್ದನ್ನು ಹಾಗೇ ಹೇಳಿದೆ. ಆಮೇಲೆ ತಿಂಗಳುಗಟ್ಟಲೆ ಅವರಿಗೆ ಬಗ್ಗಿ ತೊಗರಿ ಹೊಲದ ಕಳೆ ತೆಗೆಯಲು ಆಗಲಿಲ್ಲ, ನನಗೂ ನೆಮ್ಮದಿ ಇರಲಿಲ್ಲ. ಎಂಟನೇ ತಿಂಗಳಿಗೆ ಡಯಾಫ್ರಮ್ ಪೂರ್ತಿ ಆಡಿತು.

ಅಂದರೆ, ಎಚ್ಚರವಾಗಿ ಮಾಡಿದರೂ ಇದು ಆಗಬಹುದು. ತಂಪಿನ ಬಲೂನಿನ ಮೊದಲ ದೊಡ್ಡ ಅಮೆರಿಕನ್ ಅಧ್ಯಯನ 2013ರಲ್ಲಿ ಬಂತು. ಅದರಲ್ಲಿ 100ಕ್ಕೆ ಸುಮಾರು 11 ಸಲ ಈ ನರಕ್ಕೆ ಪೆಟ್ಟಾಗಿತ್ತು. ಆಗ ಚಿಕ್ಕ ಬಲೂನೂ ಬಳಕೆಯಲ್ಲಿತ್ತು, ಅದು ರಕ್ತನಾಳದ ಒಳಗೆ ಜಾಸ್ತಿ ಇಳಿದು ನರಕ್ಕೆ ಹತ್ತಿರ ಹೋಗುತ್ತಿತ್ತು. ಆ 11ರಲ್ಲೂ ವರ್ಷ ಕಳೆಯುವಷ್ಟರಲ್ಲಿ ಉಳಿದದ್ದು ಒಂದೂವರೆಯಷ್ಟೇ. 2016ರಲ್ಲಿ ಯುರೋಪಿನಿಂದ ಬಂದ ಫೈರ್ ಆ್ಯಂಡ್ ಐಸ್ ಅಧ್ಯಯನದಲ್ಲಿ, ಬಲೂನ್ ಮಾಡಿಸಿಕೊಂಡವರಲ್ಲಿ ಮನೆಗೆ ಹೋಗುವಾಗ ಈ ತೊಂದರೆ ಇದ್ದದ್ದು 100ಕ್ಕೆ 2.7, ವರ್ಷದ ನಂತರ 0.3. ಹಾಗಾಗಿ ಪೆಟ್ಟು ಬಿದ್ದದ್ದಕ್ಕೆ ನಾನು ಯಾರನ್ನೂ ತಪ್ಪಿತಸ್ಥರು ಅನ್ನುವುದಿಲ್ಲ. ಆದರೆ ಇಂಥದ್ದು ಆಗಬಹುದು ಅಂತ ಮೊದಲೇ ನಿಮ್ಮ ಭಾಷೆಯಲ್ಲಿ ಹೇಳಬೇಕಿತ್ತು. ಆದ ಮೇಲೂ ಹೇಳಬೇಕಿತ್ತು. ಹೇಳಿಲ್ಲ ಅಂದರೆ ನೀವು ಸಿಟ್ಟಾಗುವುದು ನ್ಯಾಯವೇ.

ಆಸ್ಪತ್ರೆಗೆ ಫೋನ್ ಮಾಡಿದಾಗ ಡಿಸ್ಚಾರ್ಜ್ ಕಾಗದ ಬಿಟ್ಟು, ಒಳಗೆ ಏನೇನು ಮಾಡಿದರು ಅಂತ ಬರೆದಿಟ್ಟ ಪ್ರೊಸೀಜರ್ ರಿಪೋರ್ಟ್ ಬೇಕು ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಫ್ರೆನಿಕ್ ನರಕ್ಕೆ ಕರೆಂಟ್ ಕೊಟ್ಟು ನೋಡುತ್ತಿದ್ದರಾ, ಯಾವ ರಕ್ತನಾಳದಲ್ಲಿ ಜಿಗಿತ ನಿಂತಿತು, ಟೇಬಲ್ ಮೇಲಿಂದ ಇಳಿಸುವ ಮೊದಲು ಮತ್ತೆ ಬಂತಾ, ಇದೆಲ್ಲ ಅದರಲ್ಲಿ ಇರಬೇಕು.

ಈಗ ಪರೀಕ್ಷೆ. ಎಕ್ಸ್‌ರೇ ಒಂದನ್ನೇ ನಂಬಿ ಕೂರಬೇಡಿ. ಕೆಳಗೆ ಲಿವರ್ ಇರುವುದರಿಂದ ಬಲಗಡೆಯ ಡಯಾಫ್ರಮ್ ಎಲ್ಲರಿಗೂ ಸ್ವಲ್ಪ ಮೇಲೇ ಇರುತ್ತದೆ. ಹಳೆಯ ಎಕ್ಸ್‌ರೇ ಇದ್ದರೆ, ಅಬ್ಲೇಶನ್‌ಗೆ ಮುಂಚೆ ಒಂದು ತೆಗೆದೇ ಇರುತ್ತಾರೆ, ಪಕ್ಕದಲ್ಲಿಟ್ಟು ನೋಡಬೇಕು. ಬೇಕಾದದ್ದು ಸೋನೋಗ್ರಫಿ. ಹೊಟ್ಟೆಯ ಸೋನೋಗ್ರಫಿ ಮಾಡುವ ಅದೇ ಮಷೀನು. ಕಲಬುರಗಿಯಲ್ಲಿ, ಬೀದರಿನಲ್ಲಿ, ಯಾದಗಿರಿಯಲ್ಲೂ ಇದೆ. ರೇಡಿಯಾಲಜಿಸ್ಟ್‌ಗೆ ಹೊಟ್ಟೆ ಉಬ್ಬರ ಅಂತ ಹೇಳಿದರೆ ಲಿವರ್ ನೋಡಿ ಕಳಿಸುತ್ತಾರೆ. ಡಯಾಫ್ರಮ್ ಎರಡೂ ಕಡೆ ಆಡುತ್ತದಾ ನೋಡಿ ಅಂತ ಚೀಟಿಯಲ್ಲೇ ಬರೆಸಿಕೊಂಡು ಹೋಗಿ. ನೆಗಡಿ ಆದಾಗ ಮೂಗು ಎಳೆದಂತೆ ಒಮ್ಮೆ ಜೋರಾಗಿ ಎಳೆಯಿರಿ ಅನ್ನುತ್ತಾರೆ. ಸರಿ ಇರುವ ಕಡೆ ಕೆಳಗೆ ಇಳಿಯುತ್ತದೆ. ಸೋತ ಕಡೆ ಸುಮ್ಮನೆ ಇರುತ್ತದೆ, ಇಲ್ಲವೇ ಉಲ್ಟಾ ಮೇಲಕ್ಕೆ ಏರುತ್ತದೆ. ಐದು ನಿಮಿಷದ ಕೆಲಸ, ಸೂಜಿ ಇಲ್ಲ, ನೋವಿಲ್ಲ. ಜೊತೆಗೆ ಊದುವ ಪರೀಕ್ಷೆಯನ್ನು ಕೂತು ಒಮ್ಮೆ, ಮಲಗಿ ಒಮ್ಮೆ ಮಾಡಿಸಿ. ಮಲಗಿದಾಗ ಅಂಕಿ ಎಷ್ಟು ಬೀಳುತ್ತದೆ ಅನ್ನೋದರಿಂದ ಸೋಲು ಎಷ್ಟಿದೆ ಅಂತ ಗೊತ್ತಾಗುತ್ತದೆ.

ಇಸಿಜಿ ಮತ್ತು ಎಕೋ ಕೂಡ ಬೇಕೇ ಬೇಕು. ದಮ್ಮಿಗೆ ನರ ಒಂದೇ ಕಾರಣ ಅಂತ ಮೊದಲೇ ತೀರ್ಮಾನ ಮಾಡಿಕೊಂಡರೆ ಅದೂ ಗ್ಯಾಸ್ ಅಂದಷ್ಟೇ ತಪ್ಪಾಗುತ್ತದೆ. ಹೃದಯದ ಸುತ್ತ ನೀರು ತುಂಬಿರಬಹುದು, ಡವಡವ ಒಳಗೊಳಗೇ ಮರಳಿರಬಹುದು. ಮುಂದೆ ಯಾವಾಗಲಾದರೂ ಕೆಮ್ಮಿನಲ್ಲಿ ರಕ್ತ ಬಂದರೆ, ಶ್ವಾಸಕೋಶದ ರಕ್ತನಾಳದ ಬಾಯಿ ಕಿರಿದಾಗಿದೆಯಾ ಅಂತ ಸಿಟಿಯಲ್ಲಿ ನೋಡಬೇಕಾಗುತ್ತದೆ.

ಸರಿ ಹೋಗುತ್ತದಾ? ಹೆಚ್ಚಿನವರಿಗೆ ಹೋಗುತ್ತದೆ, ನಿಮಗೂ ಹೋಗುತ್ತದೆ ಅಂತ ನನ್ನ ನಿರೀಕ್ಷೆ. ನರ ಬರೀ ಜೋಮು ಹಿಡಿದಿದ್ದರೆ ಕೆಲವು ದಿನಗಳಲ್ಲಿ, ವಾರಗಳಲ್ಲಿ ಎಚ್ಚರವಾಗುತ್ತದೆ. ಆರು ವಾರವಾದರೂ ನಿಮಗೆ ಆಗಿಲ್ಲ ಅಂದರೆ ಒಳಗಿನ ಎಳೆಗಳಿಗೇ ಪೆಟ್ಟಾಗಿರಬಹುದು. ಆಗ ಅವು ಪೆಟ್ಟಾದ ಜಾಗದಿಂದ ಮತ್ತೆ ಬೆಳೆದು ಡಯಾಫ್ರಮ್ ತನಕ ಬರಬೇಕು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ಹತ್ತು ಸೆಂಟಿಮೀಟರಿಗೇ ನೂರು ದಿನ ಬೇಕು. ತಂಪಿನ ಪೆಟ್ಟಿನಲ್ಲಿ ಒಂದು ಒಳ್ಳೆಯದಿದೆ. ಒಳಗಿನ ಎಳೆ ಸತ್ತರೂ ಅದರ ಹೊರಗಿನ ಕೊಳವೆ ಹೆಚ್ಚಾಗಿ ಹಾಗೇ ಉಳಿಯುತ್ತದೆ, ಹೊಸ ಎಳೆ ಅದೇ ದಾರಿ ಹಿಡಿದು ಬರುತ್ತದೆ. ಅದಕ್ಕೇ ಆರು ತಿಂಗಳು, ವರ್ಷ ಆದ ಮೇಲೂ ಮರಳಿದವರನ್ನು ನೋಡುತ್ತೇವೆ. ವರ್ಷ ದಾಟಿಯೂ ಮರಳದೆ ದಮ್ಮು ತೀರಾ ಕಾಡುತ್ತಿದ್ದರೆ, ಸಡಿಲವಾದ ಡಯಾಫ್ರಮ್ ಅನ್ನು ನೆರಿಗೆ ಹಿಡಿದಂತೆ ಮಡಚಿ ಹೊಲಿದು ಬಿಗಿ ಮಾಡುವ ಆಪರೇಶನ್ ಇದೆ. ಅಲ್ಲಿಯತನಕ ಹೋಗುವವರು ತೀರಾ ಕಡಿಮೆ. ಈಗ ಅದರ ಚಿಂತೆ ಬೇಡ.

ನರ ಬೇಗ ಬೆಳೆಯಲು ಮಾತ್ರೆ ಇಲ್ಲ. ನರಕ್ಕೆ ಶಕ್ತಿ ಅಂತ ಕೆಂಪು ಇಂಜೆಕ್ಷನ್ ಬರೆದುಕೊಡುತ್ತಾರೆ. ಬಿ12 ನಿಜವಾಗಿಯೂ ಕಡಿಮೆ ಇದ್ದರೆ ತೆಗೆದುಕೊಳ್ಳಿ. ಶುಗರಿಗೆ ಮೆಟ್‌ಫಾರ್ಮಿನ್ ತಿನ್ನುವವರಿಗೆ ಅದು ಕಡಿಮೆ ಇರುವುದು ಉಂಟು, ರಕ್ತ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ದುಡ್ಡು ದಂಡ. ಶುಗರನ್ನು ಹತೋಟಿಯಲ್ಲಿ ಇಡುವುದೇ ನರಕ್ಕೆ ನೀವು ಮಾಡಬಹುದಾದ ದೊಡ್ಡ ಉಪಕಾರ. ಎದೆಯ ಫಿಸಿಯೋಥೆರಪಿ ಮಾಡುವವರ ಹತ್ತಿರ ಉಸಿರು ಎಳೆಯುವ ವ್ಯಾಯಾಮ ಕಲಿಯಿರಿ. ಅದು ನರವನ್ನು ಬೆಳೆಸುವುದಿಲ್ಲ, ಉಳಿದ ಸ್ನಾಯುಗಳಿಗೆ ಬಲ ಕೊಡುತ್ತದೆ, ಅಷ್ಟರಿಂದಲೇ ದಿನ ಹಗುರಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೂರು ಚೆಂಡಿನ ಉಪಕರಣವನ್ನೂ ಕೂತು ಮಾಡಿ, ಶ್ವಾಸಕೋಶದ ತಳ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ತಲೆ, ಬೆನ್ನು ಎರಡೂ ಎತ್ತರ ಇರುವಂತೆ ದಿಂಬು ಇಟ್ಟು ಮಲಗಿ. ಕೆಮ್ಮು, ಕಫ, ಜ್ವರ ಬಂದರೆ ಅಸಡ್ಡೆ ಮಾಡಬೇಡಿ.

ರೊಟ್ಟಿ ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ನಿಮ್ಮ ಅನ್ನ. ಆದರೆ ನೆಲ ಬಿಡಿ. ಒಲೆಯನ್ನೂ ಹಿಟ್ಟು ತಟ್ಟುವ ಹಲಗೆಯನ್ನೂ ಸೊಂಟದ ಎತ್ತರದ ಕಟ್ಟೆಗೆ ಏರಿಸಿ, ನಿಂತು ಬಡಿಯಿರಿ. ನಡುನಡುವೆ ಎತ್ತರದ ಸ್ಟೂಲ್ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಲ್ಲಿ ಒಲೆಯ ಮುಂದೆ ಆರೋಗ್ಯವಂತರಿಗೇ ಉಸಿರು ಕಟ್ಟುತ್ತದೆ, ಆ ಕೆಲಸ ನಸುಕಿನಲ್ಲೇ ಮುಗಿಯಲಿ.

ಹೊಟ್ಟೆಯ ಮಾತು ಬಾಕಿ ಇದೆ. ಅರ್ಧ ರೊಟ್ಟಿಗೇ ಹೊಟ್ಟೆ ತುಂಬುವುದೂ ನರದ ಪೆಟ್ಟೇ ಇರಬಹುದು, ಆದರೆ ಅದು ಬೇರೆ ನರ. ವೇಗಸ್ ಅಂತ ಒಂದಿದೆ, ಅದರ ಕವಲುಗಳು ಅನ್ನನಾಳದ ಮೇಲೆ ಹರಡಿಕೊಂಡು ಹೊಟ್ಟೆಗೆ ಇಳಿಯುತ್ತವೆ. ಅದಕ್ಕೆ ಪೆಟ್ಟಾದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಹೆಚ್ಚಿನವರಿಗೆ ಇದೂ ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿಯೇ ಸರಿಯಾಗುತ್ತದೆ. ದಿನಕ್ಕೆ ಎರಡು ಹೊತ್ತು ಹೊಟ್ಟೆ ತುಂಬಾ ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಉಣ್ಣಿ. ಸದ್ಯಕ್ಕೆ ಮೆತ್ತಗಿನ ಅನ್ನ, ತಿಳಿ ಬೇಳೆ. ಎಣ್ಣೆ ಪದಾರ್ಥ, ಶೇಂಗಾ ಹಿಂಡಿ, ಕಟಕ್ ರೊಟ್ಟಿ ಹೊಟ್ಟೆಯಲ್ಲಿ ತುಂಬಾ ಹೊತ್ತು ನಿಲ್ಲುತ್ತವೆ. ಊಟ ಕಡಿಮೆಯಾದಾಗ ಶುಗರಿನ ಮಾತ್ರೆ ಹಳೆಯ ಲೆಕ್ಕದಲ್ಲೇ ಹೋದರೆ ಶುಗರ್ ಒಮ್ಮೆಲೇ ಬೀಳಬಹುದು, ಅದನ್ನು ನಿಮ್ಮ ಡಾಕ್ಟರ್ ಹತ್ತಿರ ಈ ವಾರವೇ ಮಾತಾಡಿ. ಹೊಟ್ಟೆ ಉಬ್ಬಿದಾಗ ಅದು ಡಯಾಫ್ರಮ್ ಅನ್ನು ಇನ್ನೂ ಮೇಲೆ ತಳ್ಳುತ್ತದೆ. ಹಾಗಾಗಿ ಊಟ ಆದ ಮೇಲೆ ನಿಮಗೆ ದಮ್ಮು ಜಾಸ್ತಿ ಆಗುತ್ತಿರಬಹುದು.

ರಕ್ತ ತೆಳು ಮಾಡುವ ಮಾತ್ರೆ ಇನ್ನೊಮ್ಮೆ ಹೇಳುತ್ತೇನೆ. ಅಬ್ಲೇಶನ್ ಆದ ಎಲ್ಲರಿಗೂ ಕಡಿಮೆ ಅಂದರೆ ಎರಡು ತಿಂಗಳು ಅದು ಬೇಕು. ನಿಮಗೆ ಶುಗರ್, ಬಿಪಿ ಎರಡೂ ಇರುವುದರಿಂದ ಆಮೇಲೂ ಬೇಕಾಗುತ್ತದೆ. ಡವಡವ ನಿಂತಿತು ಅಂತ ಬಿಟ್ಟು ಲಕ್ವ ಹೊಡೆಸಿಕೊಂಡವರನ್ನು ನಾನು ನೋಡಿದ್ದೇನೆ.

ನಿಮ್ಮ ತಮ್ಮನಿಗೆ ಬೇಡ ಅಂತ ಹೇಳಬೇಡಿ. ಮಾತ್ರೆಯಲ್ಲಿ ಹತೋಟಿಗೆ ಬರದೆ ಡವಡವ ಕಾಡುತ್ತಿದ್ದರೆ ಅಬ್ಲೇಶನ್ ಒಳ್ಳೆಯ ಚಿಕಿತ್ಸೆಯೇ, ನಿಮಗೂ ಅದು ನಿಂತಿದೆಯಲ್ಲ. ಆದರೆ ಕೇಳಿ ಮಾಡಿಸಿಕೊಳ್ಳಲಿ. ತಂಪಾ, ಬಿಸಿಯಾ, ಹೊಸ ಕರೆಂಟ್ ಮಿಡಿತದ ವಿಧಾನವಾ? ಬಿಸಿಯಲ್ಲಿ ಫ್ರೆನಿಕ್ ನರದ ಪೆಟ್ಟು ಕಡಿಮೆ, ಅನ್ನನಾಳದ ಭಯ ಸ್ವಲ್ಪ ಜಾಸ್ತಿ. ಪಲ್ಸ್‌ಡ್ ಫೀಲ್ಡ್ ಅನ್ನುವ ಹೊಸದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರ ಕೊನೆಗೆ. ಅದು ಹೃದಯದ ಸ್ನಾಯುವನ್ನು ಹಿಡಿದಷ್ಟು ಸುಲಭವಾಗಿ ನರವನ್ನು ಹಿಡಿಯುವುದಿಲ್ಲ, ನರ ಸೋತರೂ ಹೆಚ್ಚಾಗಿ ಬೇಗ ಮರಳುತ್ತದೆ. ಆದರೆ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ತಂಪಿನ ಬಲೂನೇ ಅಂದರೆ, ಬಲಗಡೆ ಮಾಡುವಾಗ ನರವನ್ನು ಹೇಗೆ ಕಾಯುತ್ತೀರಿ ಅಂತ ಕೇಳಲಿ. ದಿನವೂ ಈ ಕೆಲಸ ಮಾಡುವ ಡಾಕ್ಟರ್ ಎರಡು ಮಾತಲ್ಲಿ ಉತ್ತರ ಕೊಡುತ್ತಾರೆ.

ಝರಣಿಗೆ ಈ ವರ್ಷ ಬೇಡ. ಕೆರೆ, ಬಾವಿ, ಹೊಳೆಯೂ ಬೇಡ. ನಾಳೆ ಬೆಳಿಗ್ಗೆ ಮೊದಲು ಹೈದರಾಬಾದಿಗೆ ಫೋನ್, ಆಮೇಲೆ ಸೋನೋಗ್ರಫಿ. ರಿಪೋರ್ಟ್ ಬಂದ ಮೇಲೆ ಡಯಾಫ್ರಮ್ ಬಗ್ಗೆ ಬರೆದ ಸಾಲನ್ನು ಮಗನ ಕೈಯಲ್ಲಿ ಬರೆಸಿ ಕಳಿಸಿ, ಮೂರು ತಿಂಗಳಿಗೆ ಮತ್ತೆ ಅದೇ ಪರೀಕ್ಷೆ ಮಾಡಿಸಿ ಎರಡನ್ನೂ ಹೋಲಿಸಿ ನೋಡೋಣ.